ಮುಂದಿನ ರೋಲರ್ ಕೋಸ್ಟರ್ ಎಂತಹದು?

ನಮ್ಮಂತೆಯೇ ಗಡಿಯಾಚೆ ಉಳಿದ, ಆಂಧ್ರದ ಬೊಮ್ಮನಹಾಳಿನ ಕನ್ನಡ ಮಕ್ಕಳಿಗೂ ವಂಡರ್‌ಲಾ ಎಂದರೆ ಬೆಂಗಳೂರು ಬಳಿಯ ಬಿಡದಿಯೇ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭಿಸಿದವರೇ 2005ರಲ್ಲಿ ಬಿಡದಿಯ ಉದ್ಯಾನವನ್ನೂ ತೆರೆದರು. 2025ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, ಹಳಿಯಡಿ ಕಾಲು ಇಳಿಬಿಟ್ಟು ಕುಳಿತು ಸಾಗುವ 'ತಂಜೋರ' ಓಡತೊಡಗಿತು. ಬಿಡದಿಗೂ ಅಂತಹದು ಬಂದೀತೇ? ಎಷ್ಟು ಎತ್ತರವಿದ್ದೀತು? ಅಭಿಮಾನಿಗಳ ಊಹೆಗೆ ಕೊನೆಯಿಲ್ಲ.

ಊಹೆಯನ್ನು ತೂಗಿ ನೋಡಲು ಒಂದು ಅಳತೆಗೋಲುಂಟು. ಸರಪಳಿಯಿಂದ ಏರುವ ಬಂಡಿಗೆ ಎಂಜಿನ್ ಇಲ್ಲ. ಮೊದಲ ಏರಿನ ತುದಿಯಿಂದ ಜಾರಿದ ಮೇಲೆ ಆ ಎತ್ತರದ ಬಲವೇ ಅದರ ಬಂಡವಾಳ. ಗಾಳಿಯೂ ಹಳಿಯೂ ಅದನ್ನು ಸವೆಸುತ್ತವೆ. ನಡುವೆ ಇನ್ನೊಮ್ಮೆ ಎಳೆಯದಿದ್ದರೆ ಎರಡನೆಯ ಏರು ಮೊದಲನೆಯದನ್ನು ಮೀರದು. ಮೀರುತ್ತದೆಂಬ ಸುದ್ದಿಯನ್ನು ನಂಬಬೇಕಾಗಿಲ್ಲ.

ಒಂದು ದಿನದ ವಿಹಾರಕ್ಕೆ ತಿಂಗಳುಗಟ್ಟಲೆ ಹಣ ಕೂಡಿಡುವ ಮನೆಗಳು ಅಲ್ಲಿಯೂ ಇಲ್ಲಿಯೂ ಇವೆ. ಪ್ರಕಟಣೆ ಬಂದ ಮೇಲೆ ಹೊರಡುವುದೇ ಲೇಸು.