ಕಾವಲು ಕ್ಯಾಮೆರಾಗಳಿಗೆ ವಿದ್ಯುಚ್ಛಕ್ತಿಯ ಕೊರತೆ: ಕಾರಣಗಳೂ ಪರಿಹಾರವೂ

ಅಡಿಕೆ, ಮೆಣಸು, ಕಾಫಿ ಮುಂತಾದ ಬೆಲೆಯುಳ್ಳ ಫಸಲುಗಳನ್ನು ಬೆಳೆಯುವ ಗ್ರಾಮಗಳಲ್ಲಿ ಮನೆಯ ಅಂಗಳ, ಕಣ, ಉಗ್ರಾಣ, ಪಂಪುಮನೆಗಳ ಬಳಿ ಕಾವಲು ಕ್ಯಾಮೆರಾಗಳನ್ನಿಡುವ ರೂಢಿಯು ಈಚೆಗೆ ಹೆಚ್ಚಾಗಿದೆ. ಆದರೆ ಕ್ಯಾಮೆರಾವನ್ನು ಗೋಡೆಗೆ ಜಡಿದ ಮಾತ್ರಕ್ಕೆ ಕಾವಲು ಸಿದ್ಧಿಸಿದಂತಾಗಲಿಲ್ಲ. ಹಗಲೆಲ್ಲಾ ಸ್ಪಷ್ಟವಾಗಿದ್ದ ಚಿತ್ರವು ಕತ್ತಲಾದೊಡನೆ ಮಾಯವಾಗುವುದೂ, ಕಳವಾದ ರಾತ್ರಿಯ ಚಿತ್ರವನ್ನು ಹುಡುಕಲಾಗಿ ಆ ಹೊತ್ತಿನದೇ ಇಲ್ಲದಿರುವುದೂ ಉಂಟು. ಇಂಥ ಸಂದರ್ಭದಲ್ಲಿ ಕ್ಯಾಮೆರಾವೇ ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಂಡು ಹಣ ಕಳೆದುಕೊಳ್ಳುವವರು ಅನೇಕರು. ದೋಷವು ಬಹಳ ವೇಳೆ ಕ್ಯಾಮೆರಾದಲ್ಲಿರದೆ, ಅದಕ್ಕೆ ವಿದ್ಯುತ್ತು ತಲಪುವ ಮಾರ್ಗದಲ್ಲಿರುತ್ತದೆ.

ರಾತ್ರಿಯೇ ಏಕೆ ಕೆಡುತ್ತದೆ?

ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ಸಾಮಾನ್ಯ ಕ್ಯಾಮೆರಾಕ್ಕೆ ಬೇಕಾದದ್ದು ೧೨ ವೋಲ್ಟಿನ ನೇರ ವಿದ್ಯುತ್ತು. ಈ ಮಾರ್ಪಾಟನ್ನು ಅಡಾಪ್ಟರು ಮಾಡುತ್ತದೆ. ಕತ್ತಲಾದಾಗ ಕ್ಯಾಮೆರಾವು ಇನ್‌ಫ್ರಾರೆಡ್ ಎಂಬ, ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಬೆಳಕನ್ನು ತಾನೇ ಬೀರಿ ಚಿತ್ರವನ್ನು ಹಿಡಿಯುತ್ತದೆ. ಈ ದೀಪಗಳು ಹೊತ್ತಿದಾಗ ವಿದ್ಯುತ್ತಿನ ಬಳಕೆಯು ಹಗಲಿಗಿಂತ ಬಹಳ ಹೆಚ್ಚಿ, ಅನೇಕ ಕ್ಯಾಮೆರಾಗಳಲ್ಲಿ ಸುಮಾರು ಅರ್ಧ ಆಂಪಿಯರಿನವರೆಗೆ ಏರುತ್ತದೆ. ಅಡಾಪ್ಟರು ದುರ್ಬಲವಾಗಿದ್ದರೆ ಅಥವಾ ತಂತಿಯು ತೆಳುವಾಗಿದ್ದರೆ ಹಗಲು ನಡೆಯುವ ಕ್ಯಾಮೆರಾ ರಾತ್ರಿ ನಿಂತುಹೋಗುವುದು ಇದರಿಂದಲೇ.

ತಂತಿಯಲ್ಲಾಗುವ ನಷ್ಟ

ಕಾಲುವೆಯ ನೀರು ಕೊನೆಯ ಗದ್ದೆಗೆ ತಲಪುವಷ್ಟರಲ್ಲಿ ಕಡಮೆಯಾಗುವುದನ್ನು ರೈತರೆಲ್ಲರೂ ಬಲ್ಲರು. ತಂತಿಯಲ್ಲಿ ವೋಲ್ಟೇಜು ಕುಗ್ಗುವುದೂ ಇದೇ ರೀತಿ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ೫೦ ಮೀಟರು ದೂರಕ್ಕೆ ಎಳೆದರೆ, ಹೋಗಿಬರುವ ಎರಡು ಎಳೆಗಳು ಸೇರಿ ೧೦೦ ಮೀಟರಾಗುವುವು. ಇದರ ತಡೆಯು ಸುಮಾರು ಮೂರೂವರೆ ಓಮು. ಅರ್ಧ ಆಂಪಿಯರು ಹರಿದಾಗ ಸುಮಾರು ಒಂದೂಮುಕ್ಕಾಲು ವೋಲ್ಟು ನಷ್ಟವಾಗಿ, ತುದಿಯಲ್ಲಿ ಹತ್ತೂಕಾಲು ವೋಲ್ಟು ಮಾತ್ರ ಉಳಿಯುತ್ತದೆ. ಅದೇ ತಂತಿಯ ತುದಿಗೆ ನಾಲ್ಕು ಕ್ಯಾಮೆರಾಗಳನ್ನು ಸೇರಿಸಿದರೆ ೭ ವೋಲ್ಟಿನಷ್ಟು ನಷ್ಟವಾಗತಕ್ಕದ್ದು. ಆಗ ಒಂದೂ ಸರಿಯಾಗಿ ನಡೆಯದು.

ಒಂದು ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ನಷ್ಟವು ಅರ್ಧಕ್ಕಿಳಿಯುತ್ತದೆ. ಪ್ರತಿಯೊಂದು ಕ್ಯಾಮೆರಾಕ್ಕೂ ಬೇರೆ ಬೇರೆ ತಂತಿ ಎಳೆಯುವುದು ಇನ್ನೂ ಉತ್ತಮ. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಗೆ ತಡೆ ಹೆಚ್ಚು; ಅದನ್ನು ಕೊಳ್ಳಬಾರದು. ನಷ್ಟವನ್ನು ತುಂಬುವುದಕ್ಕಾಗಿ ೨೪ ವೋಲ್ಟಿನ ಅಡಾಪ್ಟರನ್ನು ಹಾಕುವುದಂತೂ ಸರ್ವಥಾ ಕೂಡದು; ಕ್ಯಾಮೆರಾ ಸುಟ್ಟುಹೋದೀತು.

ಪರೀಕ್ಷೆಯ ಕ್ರಮ

೧. ಎಲ್ಲಾ ಕ್ಯಾಮೆರಾಗಳೂ ನಿಂತಿವೆಯೋ, ಒಂದೇ ನಿಂತಿದೆಯೋ ಎಂಬುದನ್ನು ಮೊದಲು ನೋಡತಕ್ಕದ್ದು. ಎಲ್ಲವೂ ನಿಂತಿದ್ದರೆ ದೋಷವು ಸ್ವಿಚ್ಚು, ಫ್ಯೂಸು, ಅಡಾಪ್ಟರು ಅಥವಾ ಚಿತ್ರಗಳನ್ನು ಶೇಖರಿಸುವ ರೆಕಾರ್ಡರಿನಲ್ಲಿರುವುದು. ಒಂದೇ ನಿಂತಿದ್ದರೆ ಅದರ ತಂತಿ, ಜೋಡಣೆ ಅಥವಾ ಕ್ಯಾಮೆರಾದಲ್ಲಿರುವುದು.

೨. ನಿಂತ ಕ್ಯಾಮೆರಾವನ್ನು ಕೆಳಗಿಳಿಸಿ ಅಡಾಪ್ಟರಿನ ಬಳಿಗೆ ತಂದು, ಗಿಡ್ಡ ತಂತಿಯಿಂದ ಜೋಡಿಸಿ ನೋಡಬೇಕು. ಆಗ ನಡೆದರೆ ಕ್ಯಾಮೆರಾದಲ್ಲಿ ದೋಷವಿಲ್ಲ. ಉದ್ದದ ತಂತಿಯನ್ನೇ ಸಂದೇಹಿಸತಕ್ಕದ್ದು.

೩. ಕ್ಯಾಮೆರಾದ ಮುಖವನ್ನು ದಟ್ಟವಾದ ಬಟ್ಟೆಯಿಂದ ಮುಚ್ಚಿದರೆ ಅದು ರಾತ್ರಿಯೆಂದು ತಿಳಿದು ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಹೀಗೆ ಹಗಲಿನಲ್ಲಿಯೇ ರಾತ್ರಿಯ ಪರೀಕ್ಷೆಯನ್ನು ಮಾಡಬಹುದು. ಆ ಸ್ಥಿತಿಯಲ್ಲಿ ಕ್ಯಾಮೆರಾದ ತುದಿಯಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜನ್ನು ಅಳೆಯಬೇಕು. ಕ್ಯಾಮೆರಾವನ್ನು ಬಿಚ್ಚಿಟ್ಟು ಅಳೆದರೆ ೧೨ ವೋಲ್ಟು ಪೂರ್ತಿ ತೋರಿ ಮೋಸವಾಗುವ ಸಂಭವವುಂಟು.

೪. ಜೋಡಣೆಗಳನ್ನು ಬಿಚ್ಚಿ ನೋಡಬೇಕು. ಮಳೆನೀರು ಹೊಕ್ಕಿದ್ದರೆ ಹಸುರು ಕಿಲುಬು ಹಿಡಿದಿರುವುದು. ಅದನ್ನು ಕತ್ತರಿಸಿ ಹೊಸ ಜೋಡಣೆ ಮಾಡಿ, ನೀರು ಹೊಗದ ಪೆಟ್ಟಿಗೆಯೊಳಗಿಡಬೇಕು. ತಂತಿಯು ಪೆಟ್ಟಿಗೆಯನ್ನು ಹೊಗುವ ಮೊದಲು ಕೆಳಮುಖವಾಗಿ ಬಾಗಿದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುವುದು.

೫. ಅಡಾಪ್ಟರಿನ ಮೇಲೆ ಬರೆದಿರುವ ಆಂಪಿಯರನ್ನು ಓದಬೇಕು. ಅರ್ಧ ಆಂಪಿಯರಿನ ನಾಲ್ಕು ಕ್ಯಾಮೆರಾಗಳಿಗೆ ೨ ಆಂಪಿಯರು ಬೇಕು. ಆದರೆ ೩ ಆಂಪಿಯರಿಗೆ ಕಡಮೆಯಾದದ್ದನ್ನು ಇಡಬಾರದು. ಅಡಾಪ್ಟರನ್ನು ಗಾಳಿಯಾಡದ ಸ್ಥಳದಲ್ಲಿ ಇಟ್ಟರೆ ಕಾವೇರಿ ಬೇಗ ಕೆಡುವುದು.

೨೩೦ ವೋಲ್ಟಿನ ಭಾಗವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನ ಹೊರತು ಬೇರೆ ಯಾರೂ ಬಿಚ್ಚಕೂಡದು.

ಕರೆಂಟು ಹೋದಾಗ

ಕೆಲವರು ಪಂಪ್‌ಸೆಟ್ಟಿನ ಮಾರ್ಗದಿಂದಲೇ ಕ್ಯಾಮೆರಾಕ್ಕೆ ವಿದ್ಯುತ್ತನ್ನು ತೆಗೆದುಕೊಳ್ಳುವುದುಂಟು. ಇದರಲ್ಲಿ ಎರಡು ಬಾಧಕಗಳಿವೆ. ನೀರಾವರಿಯ ತ್ರೀಫೇಸ್ ವಿದ್ಯುತ್ತು ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ ಬರುವುದರಿಂದ ಉಳಿದ ಹೊತ್ತು ಕಾವಲು ತಪ್ಪುವುದು ಮೊದಲನೆಯದು. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ತನ್ನು ಬಳಸುವುದು ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೧೨೬ನೆಯ ಪ್ರಕರಣದ ಮೇರೆಗೆ ಅನಧಿಕೃತ ಬಳಕೆಯೆನಿಸುವುದು ಎರಡನೆಯದು.

ನಾಲ್ಕು ಕ್ಯಾಮೆರಾ ಮತ್ತು ರೆಕಾರ್ಡರು ಸೇರಿ ಸುಮಾರು ೩೫ ವಾಟಾದೀತು. ೧೨ ವೋಲ್ಟು ೭ ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯ ಶಕ್ತಿ ೮೪ ವಾಟ್-ಗಂಟೆ. ಲೆಕ್ಕಕ್ಕೆ ಎರಡು ಗಂಟೆಗಿಂತ ಹೆಚ್ಚು ಬರಬೇಕಾದರೂ, ಮಾರ್ಪಾಟಿನ ನಷ್ಟದಿಂದ ಒಂದು ಅಥವಾ ಒಂದೂವರೆ ಗಂಟೆ ಬಂದರೆ ಹೆಚ್ಚು. ಎಂಟು ಗಂಟೆಗಳ ರಾತ್ರಿಗೆ ೨೮೦ ವಾಟ್-ಗಂಟೆ ಬೇಕು. ಮನೆಗಳಲ್ಲಿರುವ ೧೫೦ ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯ ಶಕ್ತಿ ಸುಮಾರು ೧,೮೦೦ ವಾಟ್-ಗಂಟೆ. ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಕ್ಯಾಮೆರಾಗಳನ್ನೂ ರೆಕಾರ್ಡರನ್ನೂ ಆ ಮಾರ್ಗಕ್ಕೆ ಸೇರಿಸುವುದು ಸುಲಭೋಪಾಯ. ಮೊಬೈಲಿನಲ್ಲಿ ಚಿತ್ರ ನೋಡುವವರು ಇಂಟರ್‌ನೆಟ್ಟಿನ ರೂಟರನ್ನೂ ಅದಕ್ಕೇ ಸೇರಿಸಬೇಕು.

ವಿದ್ಯುತ್ತಿನ ಮಾರ್ಗವಿಲ್ಲದ ತೋಟಗಳಲ್ಲಿ ಸೌರಫಲಕವುಳ್ಳ ಕ್ಯಾಮೆರಾ ಉಪಯುಕ್ತ. ಫಲಕವನ್ನು ಮರದ ನೆರಳು ಬೀಳದಂತೆ ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿ, ಧೂಳನ್ನು ಆಗಾಗ್ಗೆ ಒರಸಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಮೋಡ ಕವಿಯುವ ಮಲೆನಾಡಿನಲ್ಲಿ ಇದೊಂದನ್ನೇ ನಂಬಿರಬಾರದು.

ಗಡಿಯಾರದ ವಿಷಯ

ರೆಕಾರ್ಡರಿನೊಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿಯಿರುತ್ತದೆ. ಅದು ತೀರಿದರೆ, ಕರೆಂಟು ಹೋಗಿಬಂದಾಗಲೆಲ್ಲಾ ತಾರೀಖೂ ವೇಳೆಯೂ ತಪ್ಪುವ ಸಂಭವವುಂಟು. ಚಿತ್ರವಿದ್ದರೂ ಅದರ ಮೇಲಿನ ವೇಳೆ ತಪ್ಪಾಗಿದ್ದರೆ, ಪೋಲೀಸರ ಮುಂದೆ ಅದರ ಬೆಲೆ ಕುಂದುವುದು.

ಆದುದರಿಂದ ಭೂಮಾಲಿಕರು ಫಸಲು ಕಣಕ್ಕೆ ಬರುವುದಕ್ಕೆ ಮುಂಚೆಯೇ ಮೇಲಿನ ಪರೀಕ್ಷೆಗಳನ್ನು ಮಾಡಿ ಮುಗಿಸಬೇಕು. ಗ್ರಾಮದ ಬೀದಿಗಳಲ್ಲಿ ಕ್ಯಾಮೆರಾಗಳಿರುವ ಕಡೆ ಮುಖಂಡರು ಒಬ್ಬನನ್ನು ನೇಮಿಸಿ, ವಾರಕ್ಕೊಮ್ಮೆ ಹಿಂದಿನ ರಾತ್ರಿಯ ಚಿತ್ರವನ್ನೂ ಗಡಿಯಾರವನ್ನೂ ನೋಡಿಸಿ, ಪುಸ್ತಕದಲ್ಲಿ ಬರೆಯಿಸುವುದು ಒಳ್ಳೆಯದು. ಇದಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ; ತಪ್ಪಿದರೆ ವರ್ಷದ ದುಡಿಮೆಯ ಫಲವು ಒಂದೇ ರಾತ್ರಿಯಲ್ಲಿ ಗುರುತಿಲ್ಲದಂತೆ ಹೋಗಬಹುದು.