ಐಬೆಕ್ಸ್ ಬೇಲಿಗೆ ಎಷ್ಟಾಗುತ್ತದೆ? ಮೊದಲು ಸುತ್ತಳತೆ ಹಿಡಿಯಿರಿ

ಬೆಳ್ತಂಗಡಿ ತಾಲೂಕಿನ ನೆರಿಯದ ಕಾಡಂಚಿನಲ್ಲಿ ತೋಟ ಇರುವವರು ಐಬೆಕ್ಸ್, ಅಂದರೆ ಸೌರ ವಿದ್ಯುತ್ ಬೇಲಿ ಹಾಕಲು ಹೊರಟಾಗ ಮೊದಲು ಕೇಳುವುದು, ‘ಎಕರೆಗೆ ಎಷ್ಟು ಬೀಳುತ್ತದೆ?’ ಎಂದು. ಎಕರೆಯ ಲೆಕ್ಕ ಹಿಡಿದರೆ ಅಂದಾಜು ತಪ್ಪುತ್ತದೆ. ಬೇಲಿಗೆ ಬೇಕಾದದ್ದು ಸುತ್ತಳತೆ.

ನಾಲ್ಕು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 509 ಮೀಟರ್. ನಮ್ಮ ಅಡಿಕೆ ತೋಟಗಳು ಚೌಕವಾಗಿರುವುದು ಅಪರೂಪ. ಗುಡ್ಡಗಳ ನಡುವಿನ ತಗ್ಗಿನಲ್ಲಿ ಪಟ್ಟಿಯಂತೆ ಉದ್ದಕ್ಕೆ ಇರುತ್ತವೆ. ಅದೇ ನಾಲ್ಕು ಎಕರೆ 40 ಮೀಟರ್ ಅಗಲದ ಪಟ್ಟಿಯಾದರೆ ಸುತ್ತಳತೆ 890 ಮೀಟರ್. ಐದು ಮೀಟರಿಗೊಂದು ಕಂಬ ನೆಟ್ಟರೆ ಚೌಕಕ್ಕೆ ನೂರರ ಹತ್ತಿರ, ಪಟ್ಟಿಗೆ 178 ಕಂಬ. ಎರಡೂವರೆ ಮಿಲಿಮೀಟರ್ ದಪ್ಪದ ತಂತಿ ಕೆ.ಜಿ.ಗೆ ಸುಮಾರು 26 ಮೀಟರ್ ಬರುತ್ತದೆ. ಐದು ಸಾಲು ಎಳೆದರೆ ಚೌಕಕ್ಕೆ 98 ಕೆ.ಜಿ., ಪಟ್ಟಿಗೆ 171 ಕೆ.ಜಿ. ಈ ಲೆಕ್ಕ ಬರೆದುಕೊಂಡು ಅಂಗಡಿಗೆ ಹೋಗಿ.

ಈಗ ಪಕ್ಕದ ತೋಟದವರನ್ನೂ ಸೇರಿಸಿಕೊಳ್ಳಿ. ಇಂಥ ಎರಡು ಪಟ್ಟಿ ಅಕ್ಕಪಕ್ಕ ಇದ್ದು, ಇಬ್ಬರೂ ಬೇರೆ ಬೇರೆ ಬೇಲಿ ಹಾಕಿದರೆ ಒಟ್ಟು 1,780 ಮೀಟರ್. ಒಟ್ಟಾಗಿ ಒಂದೇ ಬೇಲಿ ಸುತ್ತಿದರೆ 970. ಒಬ್ಬರ ಪಾಲಿಗೆ 485 ಮೀಟರ್ ಮಾತ್ರ. ಲೆಕ್ಕಕ್ಕಾಗಿ ಮೀಟರಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. 2,22,500 ಆಗುವಲ್ಲಿ 1,21,250 ಆಯಿತು. ಇಷ್ಟು ಉಳಿಸಿಕೊಡುವ ಸಹಾಯಧನ ಸುಲಭಕ್ಕೆ ಸಿಗದು. ವರ್ಗದ (ಪಟ್ಟಾ ಜಾಗದ) ಗಡಿಯ ಬಗ್ಗೆ ಮನಸ್ತಾಪ ಇದ್ದರೂ ಒಮ್ಮೆ ಕುಳಿತು ಮಾತನಾಡಿ.

ಇನ್ನು, ಇದು ಕೆಲಸ ಮಾಡುವುದು ಹೇಗೆ? ಐಬೆಕ್ಸ್ ಒಂದು ಕಂಪನಿಯ ಹೆಸರು. ಸೌರ ಬೇಲಿಗೆಲ್ಲ ಈಗ ಅದೇ ಹೆಸರಾಗಿದೆ. ಸೋಲಾರ್ ಪ್ಯಾನಲ್ 12 ವೋಲ್ಟಿನ ಬ್ಯಾಟರಿಯನ್ನು ತುಂಬಿಸುತ್ತದೆ. ಎನರ್ಜೈಸರ್, ಅಂದರೆ ಬೇಲಿಗೆ ಹೊಡೆತ ಕೊಡುವ ಪೆಟ್ಟಿಗೆ, ಆ ವಿದ್ಯುತ್ತನ್ನು ಕೂಡಿಟ್ಟು ಸೆಕೆಂಡಿಗೊಮ್ಮೆ ತಂತಿಗೆ ಬಿಡುತ್ತದೆ. ಒತ್ತಡ ಸಾವಿರಾರು ವೋಲ್ಟ್. ಅದು ಇರುವುದು ಮಾತ್ರ ಸೆಕೆಂಡಿನ ಒಂದು ಸಣ್ಣ ಚೂರಿನಷ್ಟು. ಮುಟ್ಟಿದ ಪ್ರಾಣಿಗೆ ಜೋರಾಗಿ ಹೊಡೆದಂತಾಗುತ್ತದೆ, ಮತ್ತೆ ಕೈಬಿಡುತ್ತದೆ.

‘ಹಾಗಾದರೆ ಮನೆಯ ಲೈನನ್ನೇ ಎಳೆದರಾಗದೇ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಮನೆಯ 230 ವೋಲ್ಟ್ ನಿಲ್ಲದೆ ಹರಿಯುತ್ತದೆ, ಮುಟ್ಟಿದವರನ್ನು ಬಿಡುವುದಿಲ್ಲ. ಆನೆ ಸಾಯುತ್ತದೆ, ಹುಲ್ಲಿಗೆ ಹೋದ ಮನೆಯವರೂ ಸಾಯುತ್ತಾರೆ. ಅದು ಅಪರಾಧವೂ ಹೌದು. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸರಿಯಾದ ಎನರ್ಜೈಸರ್ ಇದ್ದರೂ ದಾರಿ ಬದಿಯಲ್ಲಿ ಎಚ್ಚರಿಕೆಯ ಫಲಕ ಹಾಕಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ತಂತಿಯಿಂದ ದೂರ ಇರಲಿ.

ಹೆಚ್ಚಿನವರು ಅಗ್ಗ ಮಾಡಲು ಹೋಗಿ ಕೆಡಿಸಿಕೊಳ್ಳುವುದು ಅರ್ತಿಂಗ್‌ನಲ್ಲಿ. ಪ್ರಾಣಿಗೆ ಹೊಡೆತ ಬೀಳಬೇಕಾದರೆ ವಿದ್ಯುತ್ ಅದರ ಮೈಯಿಂದ ನೆಲಕ್ಕಿಳಿದು ಪೆಟ್ಟಿಗೆಗೆ ಹಿಂದಿರುಗಬೇಕು. ನಮ್ಮ ಮುರಕಲ್ಲಿನ ನೆಲ ಫೆಬ್ರವರಿಯಿಂದ ಮೇವರೆಗೆ ಒಣಗಿ ಗಟ್ಟಿಯಾಗುತ್ತದೆ. ಆಗ ತಂತಿಯಲ್ಲಿ ವೋಲ್ಟ್ ಇದ್ದರೂ ಹೊಡೆತ ಸಾಲದು. ತೋಟದ ನೀರಿನ ಕಣಿಯ ಹತ್ತಿರ, ತೇವ ಆರದ ಜಾಗದಲ್ಲಿ ಜಿ.ಐ. ಸರಳು ಮೂರಾದರೂ ಇಳಿಸಿ. ಒಂದರಿಂದ ಒಂದಕ್ಕೆ ಹತ್ತು ಅಡಿ ಇರಲಿ. ಮನೆಯ ಮೀಟರಿನ ಅರ್ತಿಂಗ್‌ನಿಂದ ದೂರ ಇಡಿ. ಸಿಡಿಲಿನಿಂದ ಪೆಟ್ಟಿಗೆ ಸುಡದಂತೆ ಸಿಡಿಲು ನಿರೋಧಕವನ್ನೂ ಕೇಳಿ ಹಾಕಿಸಿ.

ಹಂದಿಗಾಗಿ ಕೆಳಗಿನ ತಂತಿ ನೆಲದಿಂದ ಒಂದು ಅಡಿಯೊಳಗೆ ಇರಬೇಕು. ಆದರೆ ಮಳೆಗಾಲದಲ್ಲಿ ಮೊದಲು ಹುಲ್ಲು ತಾಗುವುದೂ ಅದಕ್ಕೇ. ಹುಲ್ಲು ತಾಗಿದಲ್ಲೆಲ್ಲ ವಿದ್ಯುತ್ ಸೋರುತ್ತದೆ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಲಿಯ ಬುಡ ಸವರುವ ಕೂಲಿಯನ್ನು ಮೊದಲ ದಿನವೇ ಖರ್ಚಿನಲ್ಲಿ ಸೇರಿಸಿ. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತದೆ, ಅದಕ್ಕೂ ಸ್ವಲ್ಪ ತೆಗೆದಿಡಿ. ಪ್ಯಾನಲ್ ಅಡಿಕೆ ಮರದ ನೆರಳಿನಲ್ಲಿ ಬೇಡ. ಚಾರ್ಮಾಡಿ ಘಾಟಿಯ ಬುಡದಲ್ಲಿ ಆಷಾಢದ ಬಿಸಿಲು ಮೊದಲೇ ಕಡಿಮೆ.

ಹೊಳೆ ದಾಟುವ ಕಡೆ ಬೇಲಿಯನ್ನು ಗಟ್ಟಿಯಾಗಿ ಕಟ್ಟಬೇಡಿ. 2019ರ ಆಗಸ್ಟ್‌ ನೆರೆ ಮರದ ದಿಮ್ಮಿಗಳನ್ನು ತೋಟದೊಳಗೆ ತಂದದ್ದು ಈ ಭಾಗದವರಿಗೆ ನೆನಪಿದೆ. ಅಲ್ಲಿ ತಂತಿಗಳನ್ನು ಮೇಲಿನಿಂದ ಇಳಿಬಿಡಿ. ಆ ತುಂಡಿಗೆ ಬೇರೆ ಸ್ವಿಚ್ ಇರಲಿ. ನೀರು ಏರಿದಾಗ ಅದೊಂದನ್ನೇ ಆರಿಸಿದರೆ ಉಳಿದ ಬೇಲಿಯಲ್ಲಿ ಹೊಡೆತ ಉಳಿಯುತ್ತದೆ.

ಆನೆ ಬುದ್ಧಿವಂತ ಪ್ರಾಣಿ. ಅದರ ದಂತಕ್ಕೆ ಶಾಕ್ ತಗಲದು. ಪಕ್ಕದ ಮರವನ್ನು ತಂತಿಯ ಮೇಲೆ ದೂಡಿ ದಾಟಿದ ಆನೆಗಳೂ ಇವೆ. ಬೇಲಿಗೆ ವಾಲಿದ ನಿಮ್ಮ ವರ್ಗದ ಮರಗಳನ್ನು ಮೊದಲೇ ನೋಡಿಕೊಳ್ಳಿ. ಮಂಗಗಳನ್ನು ತಡೆಯುವುದಕ್ಕೆ ಈ ಬೇಲಿಯಿಂದ ಹೆಚ್ಚು ಪ್ರಯೋಜನ ಇಲ್ಲ.

ಸೌರ ಬೇಲಿಗೆ ಅರಣ್ಯ ಇಲಾಖೆಯ ಮೂಲಕ ಸಹಾಯಧನ ಸಿಗುವುದುಂಟು. ಅನುದಾನ ಇದೆಯೇ ಎಂದು ಬೆಳ್ತಂಗಡಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಸಾಮಾನು ಖರೀದಿಸುವ ಮೊದಲೇ ಕೇಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಅಂಗಡಿಯಲ್ಲಿ ದರಪಟ್ಟಿ ತೆಗೆದುಕೊಳ್ಳುವಾಗ ಅರ್ತಿಂಗ್, ಸಿಡಿಲು ನಿರೋಧಕ, ಕಂಬ ನೆಡುವ ಕೂಲಿ ಸೇರಿದೆಯೇ ಎಂದು ಕೇಳಿ. ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಎಷ್ಟು ದಿನ ಬೇಕು ಎಂಬುದನ್ನೂ ಕೇಳಿ. ಆ ದಿನಗಳಲ್ಲಿ ತೋಟಕ್ಕೆ ಬೇಲಿ ಇರುವುದಿಲ್ಲ.