ಲಕ್ವಾ, ಗಾಳಿ, ನಾಡಿ: ಗಡಿ ತಾಲ್ಲೂಕುಗಳ ರೋಗಪರಿಭಾಷೆ ಮತ್ತು ಎಳೆವಯಸ್ಸಿನ ಪಾರ್ಶ್ವವಾಯು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕನ್ನಡ ಮರಾಠಿಗಳು ಬೆರೆತ ಸೀಮೆ. ಇಲ್ಲಿ ಪಾರ್ಶ್ವವಾಯು ಬಂದರೆ ‘ಲಕ್ವಾ ಹೊಡೀತು’ ಎನ್ನುತ್ತಾರೆ. ಮರಾಠಿಯಲ್ಲಿ ‘ಅಂಗಾವರೂನ್ ವಾರಂ ಗೇಲಂ’, ಅಂದರೆ ಮೈಮೇಲಿಂದ ಗಾಳಿ ಹಾದುಹೋಯಿತು. ಲಕ್ವಾ ಅರಬ್ಬಿ ಮೂಲದ ಪದ. ಅಲ್ಲಿ ಅದು ಮುಖ ಸೊಟ್ಟಗಾಗುವ ರೋಗದ ಹೆಸರು. ಶಿಷ್ಟರ ‘ಪಾರ್ಶ್ವವಾಯು’ವಿನಲ್ಲಿರುವ ವಾಯು ದೇಹದೊಳಗಿನದು, ಜನಪದರ ಗಾಳಿಯಾದರೋ ಹೊರಗಿನಿಂದ ಬಂದು ಎರಗುವಂಥದು. ರಕ್ತನಾಳದ ಪ್ರಸ್ತಾಪ ಎರಡರಲ್ಲೂ ಇಲ್ಲ.

ಲಕ್ವಾ ಮುದುಕರ ರೋಗವೆಂಬ ಗ್ರಹಿಕೆ ಸಾಮಾನ್ಯ. ಆದ್ದರಿಂದಲೇ ಇಪ್ಪತ್ತೈದರ ಹೆಣ್ಣುಮಗಳ ಕೈಕಾಲು ಬಿದ್ದುಹೋದಾಗ ದೃಷ್ಟಿ, ಸೋಂಕುಗಳ ವಿವರಣೆ ಮುಂದಾಗುತ್ತದೆ. ಇಂಥ ಪ್ರಸಂಗಗಳ ಹಿಂದಿರಬಹುದಾದ ಅಪರೂಪದ ಕಾರಣವೊಂದು ತಕಯಾಸು ರೋಗ. ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳ ವಿಕಾರವನ್ನು ವರದಿ ಮಾಡಿದರು. ಇದರಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಮಹಾಧಮನಿ ಹಾಗೂ ಅದರ ಕವಲುಗಳ ಗೋಡೆಯಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಗೋಡೆ ದಪ್ಪವಾಗಿ ನಾಳ ಕಿರಿದಾಗುತ್ತದೆ. ಮಿದುಳಿಗೆ ರಕ್ತವೊಯ್ಯುವ ಕೊರಳಿನ ಧಮನಿ ಮುಚ್ಚಿದರೆ ಪಾರ್ಶ್ವವಾಯು. ರೋಗಿಗಳಲ್ಲಿ ಹೆಚ್ಚಿನವರು ನಲವತ್ತರೊಳಗಿನ ಸ್ತ್ರೀಯರು.

ಹೊಡೆತ ಹಠಾತ್ತನೆ ಬಂದರೂ ರೋಗ ಹಠಾತ್ತನೆ ಬಂದುದಲ್ಲ. ತಿಂಗಳುಗಟ್ಟಲೆ ಸಣ್ಣ ಜ್ವರ, ಆಯಾಸ, ಕೆಲಸ ಮಾಡುವಾಗ ಕೈ ಸೋಲುವಿಕೆ ಇರಬಹುದು. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳಲ್ಲಿ, ಕೃಷ್ಣಾತೀರದ ಕಬ್ಬಿನ ಹೊಲಗಳ ಕೂಲಿಗಳಲ್ಲಿ ಕೈ ಸೋತರೆ ಅದು ದುಡಿಮೆಯ ಲೆಕ್ಕಕ್ಕೇ ಸೇರುತ್ತದೆ. ಕೇಳುವವರಿಗೂ ಅನುಮಾನ ಬಾರದು.

ಈ ರೋಗದ ಇನ್ನೊಂದು ಹೆಸರು ‘ನಾಡಿಯಿಲ್ಲದ ರೋಗ’. ಜಾನಪದ ಅಧ್ಯಯನಕ್ಕೆ ಇದು ಮಹತ್ವದ್ದು. ಪುರುಷರಿಗೆ ಬಲಗೈ, ಸ್ತ್ರೀಯರಿಗೆ ಎಡಗೈ ನಾಡಿ ನೋಡಬೇಕೆಂಬುದು ನಾಟಿವೈದ್ಯರೂ ಪಾಲಿಸಿಕೊಂಡು ಬಂದ ಪರಂಪರೆ. ತಕಯಾಸು ರೋಗ ಹೆಚ್ಚಾಗಿ ಹಿಡಿಯುವ ಧಮನಿಗಳಲ್ಲಿ ಎಡಗೈಗೆ ರಕ್ತವೊಯ್ಯುವುದು ಪ್ರಮುಖವಾದುದು. ಎಂದರೆ ಹೆಣ್ಣುಮಗಳ ಎಡಗೈ ಹಿಡಿದ ಬೆರಳಿಗೆ ನಾಡಿಯ ಕ್ಷೀಣತೆ ತಿಳಿಯುವ ಅವಕಾಶ ಪರಂಪರೆಯಲ್ಲೇ ಇತ್ತು. ಆದರೆ ಅದನ್ನು ಬಲಗೈಯೊಡನೆ ಹೋಲಿಸದಿದ್ದರೆ ಕ್ಷೀಣನಾಡಿ ಬರಿಯ ‘ಅಶಕ್ತಿ’ಯಾಗಿ ಉಳಿಯುತ್ತದೆ. ಆಧುನಿಕ ಚಿಕಿತ್ಸಾಲಯದಲ್ಲೂ ಇದೇ ತೊಡಕುಂಟು: ನಾಳ ಕಿರಿದಾದ ಕೈಯಲ್ಲಷ್ಟೇ ರಕ್ತದೊತ್ತಡ ಅಳೆದರೆ, ಒಳಗೆ ಏರಿರುವ ಒತ್ತಡ ಕಡಿಮೆಯೆಂದೇ ತೋರುತ್ತದೆ. ಎರಡು ಕೈಗಳ ಒತ್ತಡದಲ್ಲಿ 10 ಮಿಲಿಮೀಟರಿಗಿಂತ ಹೆಚ್ಚಿನ ಅಂತರವನ್ನು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ಈ ರೋಗದ ಲಕ್ಷಣಗಳಲ್ಲಿ ಸೇರಿಸಿತು.

ಲಕ್ವಾ ಹೊಡೆದ ಅಂಗಕ್ಕೆ ಪಾರಿವಾಳದ ರಕ್ತ ಹಚ್ಚುವ ರೂಢಿ ನಾಡಿನ ಹಲವೆಡೆ ಉಂಟು. ಅದರಿಂದ ನೇರ ಹಾನಿಗಿಂತ ಕಾಲಹರಣವೇ ದೊಡ್ಡ ನಷ್ಟ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಸಲ್ಲುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳಲ್ಲಿ, ಅದೂ ಆಯ್ದ ರೋಗಿಗಳಿಗೆ. ಮೂಲರೋಗಕ್ಕೆ ಸ್ಟೀರಾಯ್ಡ್ ಹಾಗೂ ರಕ್ಷಣಾವ್ಯವಸ್ಥೆಯನ್ನು ತಗ್ಗಿಸುವ ಔಷಧಿಗಳು ಬಹುಕಾಲ ಬೇಕು. ಕಾಗವಾಡ, ಅಥಣಿಗಳವರಿಗೆ ದೊಡ್ಡಾಸ್ಪತ್ರೆಯೆಂದರೆ ಬಹುತೇಕ ಗಡಿಯಾಚೆಯ ಮೀರಜ. ಅಲ್ಲಿ ವೈದ್ಯರೆದುರು ರೋಗಿಯ ಕಡೆಯವರು ಹೇಳುವ ಮೊದಲ ಮಾತು ‘ವಾರಂ’ ಅಥವಾ ‘ಲಕ್ವಾ’, ಅದಕ್ಕೂ ಮುಂಚಿನ ತಿಂಗಳುಗಳ ಕೈಸೋಲು ಕೇಳಿದರಷ್ಟೇ ಹೊರಬರುತ್ತದೆ.